ಮಾವ ನನ್ನ ಕಾಲು ಕೇಳಿದ ದಿನ

ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷ. ನಮ್ಮ ಅಡುಗೆ ಮನೆಯ ಗಡಿಯಾರ ಐದು ನಿಮಿಷ ಮುಂದಿರುತ್ತದೆ, ಹಾಗಾಗಿ ಅದರಲ್ಲಿ ಹತ್ತೂಮುಕ್ಕಾಲು. ಮಾವ ಮಗ್ಗದ ಕೋಣೆಯಿಂದ ಎದ್ದುಬಂದು ಅಡುಗೆ ಮನೆಯ ಹೊಸ್ತಿಲ ಆಚೆ ನಿಂತದ್ದು ಆಗ. ಆಸ್ಪತ್ರೆಯ ಕಾಗದದಲ್ಲಿ ಮಾತ್ರ ನೋವು ಶುರುವಾದದ್ದು ಮಧ್ಯಾಹ್ನ ಒಂದು ಗಂಟೆಗೆ ಎಂದಿತ್ತು. ಹಾಗೆ ಬರೆಸಿದವಳು ನಾನು.

ನಮ್ಮದು ಬನಹಟ್ಟಿ. ಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಸೀರೆ ನೇಯುವ ನಾಲ್ಕು ವಿದ್ಯುತ್ ಮಗ್ಗಗಳಿವೆ. ಎರಡನ್ನು ಮಾವ ನೋಡಿಕೊಳ್ಳುತ್ತಿದ್ದರು, ಎರಡನ್ನು ನನ್ನ ಗಂಡ. ನಾನು ಈ ಮನೆಗೆ ಬಂದು ಹನ್ನೊಂದು ವರ್ಷ. ತವರು ರನ್ನ ಬೆಳಗಲಿ, ಓದಿದ್ದು ಜಮಖಂಡಿಯಲ್ಲಿ ಬಿ.ಎಸ್ಸಿ. ಆದರೆ ಓಣಿಯಲ್ಲಿ ನಾನು ಹೆಸರಾದದ್ದು ಓದಿನಿಂದಲ್ಲ, ಹುಟ್ಟಿದ ರೀತಿಯಿಂದ. ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಬೆನ್ನಿನ ಮೇಲೆ ಮೂರು ಸಲ ಕಾಲು ಒತ್ತಿದರೆ ಉಳುಕು, ಚಳುಕು ಬಿಟ್ಟುಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲ ಊರುಗಳಲ್ಲೂ ಇದೆ. ನೇಕಾರರ ಓಣಿಯಲ್ಲಿ ಅದಕ್ಕೆ ಗಿರಾಕಿ ಹೆಚ್ಚು. ನೂಲು ಸುತ್ತಿದ ಬೀಮು ಎತ್ತಿ ಮಗ್ಗಕ್ಕೆ ಕೂರಿಸುವಾಗ ಯಾರದಾದರೂ ಬೆನ್ನು ಹಿಡಿದೇ ಹಿಡಿಯುತ್ತದೆ. ವಾರಕ್ಕೆ ಇಬ್ಬರು ಮೂವರು ಬರುತ್ತಿದ್ದರು. ಜಗಲಿಯ ಮೇಲೆ ಬೋರಲು ಮಲಗುವುದು, ನಾನು ಗೋಡೆ ಹಿಡಿದು ಒಂದು ಕಾಲು ಇಟ್ಟು ಒತ್ತುವುದು, ಅವರು ಎದ್ದು ಮೈ ತಿರುವಿ "ಹಗುರಾತ್ ನೋಡವಾ" ಅನ್ನುವುದು.

ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ನನ್ನ ಪದವಿ ಯಾರಿಗೂ ಬೇಕಾಗಿರಲಿಲ್ಲ, ಕಾಲು ಬೇಕಾಗಿತ್ತು. ಯಾರಿಗಾದರೂ ಬೇಕಾಗುವುದು ಒಳ್ಳೆಯದೇ ಅನ್ನಿಸುತ್ತಿತ್ತು.

ಹಿರಿಯರು ಬಂದರೆ ಮೊದಲು ಅವರ ಕಾಲಿಗೆ ನಮಸ್ಕಾರ ಮಾಡಿ, ಆಮೇಲೆ ನನ್ನ ಕಾಲು ಇಡುತ್ತಿದ್ದೆ. ಅತ್ತೆ ಎಷ್ಟೋ ಸಲ ಒತ್ತಿಸಿಕೊಂಡಿದ್ದಾರೆ. ಮಾವ ಮಾತ್ರ ಒಮ್ಮೆಯೂ ಇಲ್ಲ. ಲಿಂಗ ಇರುವ ಮೈ, ಅದಕ್ಕೆ ಸೊಸೆಯ ಕಾಲು ತಾಗಬಾರದು ಎಂದು ಅವರ ಲೆಕ್ಕ. ಬೆನ್ನು ಹಿಡಿದಾಗ ರಬಕವಿಯಲ್ಲಿ ನನ್ನಂತೆಯೇ ಹುಟ್ಟಿದ ಒಬ್ಬ ಮುದುಕರ ಹತ್ತಿರ ಹೋಗಿಬರುತ್ತಿದ್ದರು. ಹನ್ನೊಂದು ವರ್ಷ ಹಾಗೇ ನಡೆದಿತ್ತು.

ಆ ದಿನ ಹೊಸ್ತಿಲ ಆಚೆ ನಿಂತು ಅವರು ಎಲ್ಲೋ ನೋಡುತ್ತ ಹೇಳಿದರು.

"ಯವ್ವಾ, ಬೆನ್ನಾಗ ಚಳಕ ಹಿಡದೈತಿ. ಎಡಗಡೆ ಹೆಗಲತನಾ ಬರಾಕತ್ತೈತಿ. ನಿನ್ನೆ ಬೀಮ ಎತ್ತಿದ್ನೆಲ್ಲಾ, ಅದ ಇರಬೇಕು. ಒಂದೀಟ ಕಾಲ ಹಚ್ಚತೀಯೇನು?"

ಅತ್ತೆ ಕಂಡಕಿಗೆ ನೂಲು ಸುತ್ತುತ್ತಿದ್ದವರು ಕೈ ನಿಲ್ಲಿಸಿ ನಕ್ಕರು. "ನೋಡ್ರಿ, ಕಡೀಕೆ ಸೊಸಿ ಕಾಲಿಗೇ ಬಂದ್ರಿ. ಇಷ್ಟ ವರ್ಷ ರಬಕವಿ ದಾರಿ ಸವಸಿದ್ದು ಯಾತಕ್ಕ?"

ಮಾವ ನಗಲಿಲ್ಲ. ಜಗಲಿಯ ಮೇಲೆ ಮಲಗಿದರು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಂದಕ್ಕೆ ತಂದು ಮುಷ್ಟಿಯಲ್ಲಿ ಹಿಡಿದುಕೊಂಡರು. ನಾನು ಅವರ ಪಾದ ಮುಟ್ಟಿದೆ. ತಣ್ಣಗಿದ್ದವು. ಮೂರು ಸಲ ಕಾಲು ಒತ್ತಿದೆ. ಮೂರನೆಯ ಸಲ ಎತ್ತಿದಾಗ ನನ್ನ ಅಂಗಾಲು ಒದ್ದೆಯಾಗಿತ್ತು. ಅಂಗಿಯ ಬೆನ್ನು ಪೂರ್ತಿ ಬೆವರು. ಸಂಕ್ರಾಂತಿಗೆ ಇನ್ನೂ ದಿನಗಳಿದ್ದವು. ಚಳಿಗೆ ನಾನೇ ಮೈತುಂಬ ಸೆರಗು ಹೊದ್ದುಕೊಂಡಿದ್ದೆ.

"ಹಗುರಾತ್ರೀ ಮಾವಾರ?" ಎಂದೆ.

"ಹಗುರಾತು."

ನಾನು ಅಂಗಾಲನ್ನು ಕಾಲೊರಸಿಗೆ ತಿಕ್ಕಿ ಒಳಗೆ ಹೋದೆ.

ಇದನ್ನು ನಾನು ಆಮೇಲೆ ಎಷ್ಟು ಸಲ ತಿರುಗಿ ನೋಡಿದ್ದೇನೆಂದರೆ, ಈಗ ಯಾವುದು ಆಗ ಕಂಡದ್ದು, ಯಾವುದು ಆಮೇಲೆ ಸೇರಿದ್ದು ಎಂದು ಹೇಳುವುದು ಕಷ್ಟ. ಆದರೆ ಒದ್ದೆಯ ಬಗ್ಗೆ ಅನುಮಾನವಿಲ್ಲ. ಮತ್ತು ಎಲ್ಲಕ್ಕಿಂತ ದೊಡ್ಡ ಗುರುತು ಬೆವರಲ್ಲ, ತಣ್ಣನೆಯ ಪಾದವಲ್ಲ. ಅವರು ಕೇಳಿದ್ದೇ. ಹನ್ನೊಂದು ವರ್ಷ ಕೇಳದವರು ಕೇಳಿದರು. ಅಷ್ಟು ಸಾಕಿತ್ತು.

ಅವರು ಮಗ್ಗಕ್ಕೆ ವಾಪಸು ಹೋಗಲಿಲ್ಲ. ಹೊಸ ಹಾಸಿನ ಎಳೆಗಳನ್ನು ಹಳೆಯದಕ್ಕೆ ಗಂಟು ಹಾಕುವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಪಡಸಾಲೆಯಲ್ಲಿ ಮಲಗಿದರು. ಅತ್ತೆ ಪಿತ್ತ ಇರಬಹುದೆಂದು ಅಜವಾನ ಕುದಿಸಿ ಕೊಟ್ಟರು. ಹನ್ನೊಂದೂವರೆಗೆ ನನಗೆ ದವಾಖಾನೆಯ ನೆನಪಾಯಿತು. ನಮ್ಮ ಓಣಿಯಿಂದ ನಡೆದರೆ ನಾಲ್ಕು ನಿಮಿಷ. ಗಂಡ ನೂಲು ತರಲು ಹೋಗಿದ್ದ. ಅವನು ಬಂದ ಮೇಲೆ ನೋಡೋಣ ಎಂದುಕೊಂಡೆ. ಹೋದಮೇಲೆ ಡಾಕ್ಟರು ಬರೀ ಉಳುಕು ಎಂದರೆ ಏನು ಮಾಡುವುದು ಎಂದೂ ಯೋಚಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಯೋಚಿಸಿದ್ದು ಇದನ್ನೇ. ನಾಲ್ಕು ನಿಮಿಷದ ದಾರಿ ಮತ್ತು ನನ್ನ ನಡುವೆ ಇದ್ದದ್ದು ಒಂದು ನಗು, ಅದೂ ಇನ್ನೂ ಯಾರೂ ನಕ್ಕಿರದ ನಗು.

ಒಂದು ಗಂಟೆಗೆ ಅವರು ವಾಂತಿ ಮಾಡಿಕೊಂಡರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಷ್ಟರಲ್ಲಿ ಗಂಡ ಬಂದ. ಆಟೋ ತಂದ. ದವಾಖಾನೆಯಲ್ಲಿ ಎದೆಗೆ ತಂತಿ ಹಚ್ಚಿ ಇಸಿಜಿ ತೆಗೆದರು, ಎರಡು ಮೂರು ಗುಳಿಗೆ ಅಗಿಸಿ ನುಂಗಿಸಿದರು, ತಡ ಮಾಡದೆ ಜಮಖಂಡಿಗೆ ಹೋಗಿ ಎಂದರು. ಜಮಖಂಡಿಯಲ್ಲಿ ಸ್ಟ್ರೆಚರಿನ ಪಕ್ಕ ಓಡುತ್ತಲೇ ಡಾಕ್ಟರು ಕೇಳಿದರು.

"ನೋವು ಯಾವಾಗ ಶುರುವಾತು?"

ಗಂಡ ನನ್ನ ಮುಖ ನೋಡಿದ. ಅವನು ಮನೆಯಲ್ಲಿರಲಿಲ್ಲ, ಅವನಿಗೆ ಗೊತ್ತಿರಲಿಲ್ಲ. "ಒಂದ ಗಂಟೇಕ್ರಿ," ಎಂದೆ.

ಅವರು ಬರೆದುಕೊಂಡರು. ಇಂಜೆಕ್ಷನ್ ಕೊಟ್ಟರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಬಾಗಲಕೋಟೆ. ಕಬ್ಬಿನ ಸುಗ್ಗಿ, ಬೀಳಗಿ ರಸ್ತೆಯ ತುಂಬ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು. ಡ್ರೈವರು ಸೈರನ್ ಹಾಕಿದರೂ ಅವು ಬೇಗ ಸರಿಯಲಾರವು. ಅನಗವಾಡಿ ಬರುವವರೆಗೆ ನಾನು ಮಾವನ ಎದೆ ಏರಿಳಿಯುವುದನ್ನು ಎಣಿಸುತ್ತಿದ್ದೆ. ಎಣಿಕೆ ತಪ್ಪಿದಾಗೆಲ್ಲ ಮೊದಲಿನಿಂದ ಶುರು ಮಾಡುತ್ತಿದ್ದೆ.

ಬದುಕಿದರು. ಒಂದು ಸ್ಟೆಂಟ್ ಹಾಕಿದರು. ಹೃದಯದ ಒಂದು ಭಾಗ ಸ್ವಲ್ಪ ಸೋತಿದೆ, ಬೀಮು ಎತ್ತಬಾರದು, ಉಳಿದಂತೆ ಓಡಾಡಬಹುದು ಎಂದರು. ವಾರದೊಳಗೆ ಮನೆಗೆ ಕರೆತಂದೆವು.

ಆಮೇಲೆ ಕೆಟ್ಟದ್ದು ನನ್ನ ಆರೋಗ್ಯ. ಕೆಟ್ಟದ್ದು ಎನ್ನಲು ಯಾವ ರಿಪೋರ್ಟಿನಲ್ಲೂ ಏನೂ ಇರಲಿಲ್ಲ. ಎಡಗೈ ಜುಮ್ಮೆಂದರೆ ಎದೆ ಹಿಡಿದುಕೊಳ್ಳುತ್ತಿದ್ದೆ. ಅತ್ತೆ ತೇಗಿದರೆ ಎಷ್ಟು ಸಲ ತೇಗಿದರೆಂದು ಕೇಳುತ್ತಿದ್ದೆ. ಗಂಡನಿಗೆ ಬಿಕ್ಕಳಿಕೆ ಬಂದದ್ದಕ್ಕೆ ಜಮಖಂಡಿಗೆ ಎಳೆದೊಯ್ದೆ. ನನಗಾಗಿ ಮುಧೋಳದ ಒಬ್ಬ ಡಾಕ್ಟರ ಹತ್ತಿರ ಮೂರು ಸಲ ಹೋದೆ. ನಮ್ಮ ಊರಿನವರು ಬೇಡ, ಗುರುತು ಇರುತ್ತದೆ ಎಂದು ಮುಧೋಳ. ಮೂರನೆಯ ಸಲ ಅವರು ಇಸಿಜಿಯ ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟು, "ಇದನ್ನ ಫ್ರೇಮ್ ಹಾಕಿಸ್ರಿ ಬಾಯಾರ, ಇಷ್ಟ ಛಲೋ ಐತಿ," ಎಂದರು. ನಗಬೇಕಿತ್ತು. ಬಸ್ಸಿನಲ್ಲಿ ಅಳು ಬಂತು.

ಬಿಪಿ ನೋಡುವ ಯಂತ್ರ ತಂದಿಟ್ಟುಕೊಂಡೆ. ದಿನಕ್ಕೆ ನಾಲ್ಕು ಸಲ ಮಾವನ ತೋಳಿಗೆ ಪಟ್ಟಿ ಸುತ್ತುತ್ತಿದ್ದೆ.

"ಏ ಯವ್ವಾ, ನನ್ನ ಕೈ ಏನ್ ಬೋರಿಂಗ್ ಅಂತ ತಿಳದೀಯೇನ? ಹೊಡದ ಹೊಡದ ನೀರ ತಗೀತೀಯೇನ?" ಎನ್ನುತ್ತಿದ್ದರು. ಆದರೂ ತೋಳು ಚಾಚುತ್ತಿದ್ದರು.

ಬೆನ್ನು ಹಿಡಿದವರು ಬರುವುದು ನಿಲ್ಲಲಿಲ್ಲ. ನಾನು ಕಾಲು ಇಡುವುದನ್ನು ನಿಲ್ಲಿಸಿದೆ. ಎದುರು ಮನೆಯ ಕಾಕು ಕಸ ಗುಡಿಸಲು ಬಗ್ಗಿದವರು ಹಾಗೇ ನಡು ಹಿಡಿದುಕೊಂಡು ಬಂದರು. ಮೊದಲು ದವಾಖಾನೆಗೆ ಹೋಗಿ ಎಂದೆ.

"ದವಾಖಾನಿ? ಬರೇ ನಡ ಹಿಡದೈತಿ ಬೇ! ಹಡ್ಯಾಕ ಬಂದೀನೇನು?"

"ಇರಲ್ರಿ ಕಾಕು, ತೋರಸ್ಕೊಂಡ ಬರ್ರಿ."

"ಕಾಲಿಗೂ ಸೊಕ್ಕ ಬರತೈತಿ ಅಂತ ಗೊತ್ತಿರಲಿಲ್ಲ ತಗೋ."

ಹೋಗಿ ಬಂದರು. ಬರೀ ಉಳುಕು. ಮುಲಾಮು ಕೊಟ್ಟಿದ್ದರು. ಒಂದು ದಿನ ಹಾಳಾಯಿತೆಂದು ಓಣಿಗೆಲ್ಲ ಕೇಳುವಂತೆ ಹೇಳಿದರು. ನಾನು ಬಾಗಿಲು ಎಳೆದುಕೊಂಡೆ.

ನಿದ್ದೆ ಎಂಬುದು ಆ ಆರು ತಿಂಗಳು ತುಂಡು ತುಂಡಾಗಿತ್ತು. ಎಚ್ಚರವಾದಾಗೆಲ್ಲ ಪಡಸಾಲೆಗೆ ಹೋಗಿ ಮಾವನ ಉಸಿರು ಕೇಳಿ ಬರುತ್ತಿದ್ದೆ. ಹಗಲಲ್ಲಿ ಕಂಡಕಿ ಸುತ್ತುತ್ತ ಕೂತಲ್ಲೇ ತೂಕಡಿಸುತ್ತಿದ್ದೆ. ಆಸ್ಪತ್ರೆಯ ಕಡತ ಕಪಾಟಿನಲ್ಲಿತ್ತು. ಅದರಲ್ಲಿನ ಒಂದು ಗಂಟೆ ಎಂಬ ಬರಹ ಯಾರೂ ನೋಡದಿದ್ದರೂ ನನ್ನನ್ನು ನೋಡುತ್ತಿತ್ತು. ಹೇಳಬೇಕು ಎಂದು ಗೊತ್ತಿತ್ತು. ಹೇಳಿದರೆ ಗಂಡನಿಗೆ ತಿಳಿಯುತ್ತದೆ: ಎರಡು ತಾಸಿಗೂ ಹೆಚ್ಚು ಹೊತ್ತು ಅವನ ಅಪ್ಪನನ್ನು ಮಲಗಿಸಿಟ್ಟವಳು ನಾನು. ಅದನ್ನು ಕೇಳಿದ ಮೇಲೆ ಅವನು ನನ್ನನ್ನು ಹೇಗೆ ನೋಡುತ್ತಾನೋ ಆ ನೋಟದ ಭಯ.

ಆರನೆಯ ತಿಂಗಳ ತಪಾಸಣೆಗೆ ಜಮಖಂಡಿಗೆ ಹೋದೆವು, ಮಾವ ಮತ್ತು ನಾನು. ಅದೇ ಡಾಕ್ಟರು. ಎಲ್ಲ ನೋಡಿ, ಚೆನ್ನಾಗಿದೆ ಎಂದು, ಕಡತದ ಹಳೆಯ ಹಾಳೆ ತಿರುವುತ್ತ ಅವರು ತಮ್ಮಷ್ಟಕ್ಕೆ ಎಂಬಂತೆ, "ಲಗೂನ ಬಂದಿದ್ರಿ, ಅದಕ್ಕ ಇಷ್ಟ ಉಳೀತು," ಎಂದರು.

ಆ ಹೊಗಳಿಕೆಯನ್ನು ನನಗೆ ತಡೆಯಲಾಗಲಿಲ್ಲ.

"ಇಲ್ರಿ ಸರ್. ಒಂದ ಗಂಟೇಕ್ಕಲ್ರಿ. ಹತ್ತ ನಲವತ್ತಕ್ಕ ಶುರುವಾಗಿತ್ರಿ. ನಾ ಸುಳ್ಳ ಹೇಳಿದ್ನಿ."

ಕಾಲು ಇಟ್ಟದ್ದು, ಬೆವರು, ಅಜವಾನ, ಎಲ್ಲವನ್ನೂ ಹೇಳಿದೆ. ಮಾವ ಪಕ್ಕದ ಸ್ಟೂಲಿನ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಕೈ ನಿಂತಿತು.

"ಹತ್ತ ನಲವತ್ತೂ ಅಲ್ರಿ," ಎಂದರು ಅವರು. "ಮುಂಜಾನೆ ಆರಕ್ಕ. ಜಳಕಾ ಮಾಡಿ ಲಿಂಗಪೂಜೆಗೆ ಕುಂತಾಗ. ಎದಿ ಮ್ಯಾಲೆ ಯಾರೋ ಬೀಮ ಇಟ್ಟಂಗಾಗಿತ್ತು."

ಡಾಕ್ಟರು ಇಬ್ಬರನ್ನೂ ನೋಡಿದರು. ಬೈಯಲಿಲ್ಲ. ಒಂದು ಗಂಟೆಯ ಮೇಲೆ ಗೀಟು ಎಳೆದು ಆರು ಎಂದು ಬರೆದರು. ಆ ದಿನದ ಇಂಜೆಕ್ಷನ್ನು ಎಷ್ಟು ಹೊತ್ತಿನೊಳಗೆ ಕೊಡಬೇಕೆಂಬುದು ಈ ಬರಹದ ಮೇಲೆಯೇ ನಿಂತಿರುತ್ತದೆ, ನಿಮ್ಮ ಪುಣ್ಯಕ್ಕೆ ಆರು ಗಂಟೆಯಿಂದ ಹಿಡಿದರೂ ಹೊತ್ತು ಮೀರಿರಲಿಲ್ಲ ಎಂದರು. ಇನ್ನೂ ಕೆಲವು ತಾಸು ದಾಟಿದ್ದರೆ ನನ್ನ ಸುಳ್ಳು ಅವರ ಕೈಯಿಂದ ತಪ್ಪು ಮಾಡಿಸುತ್ತಿತ್ತು. ಮುಂದೆ ಏನು ಮಾಡಬೇಕೆಂದು ಕೇಳಿದೆ. ಯಾವ ನೋವಿಗೆ ಓಡಬೇಕು, ಯಾವುದಕ್ಕೆ ಸಂಜೆವರೆಗೆ ತಡೆಯಬಹುದು, ನನಗೀಗ ಏನೂ ತಿಳಿಯುತ್ತಿಲ್ಲ ಎಂದೆ.

ಎದೆ, ಹೆಗಲು, ದವಡೆ, ಬೆನ್ನಿನಲ್ಲಿ ಭಾರ ಅಥವಾ ನೋವು, ಜೊತೆಗೆ ಬೆವರು, ವಾಂತಿ, ಉಸಿರು ಕಟ್ಟಿದಂತಾಗುವುದು ಇದ್ದರೆ ನೀರು ಕಾಯಿಸುವಷ್ಟು ಹೊತ್ತೂ ಕೂರಬೇಡಿ, ಹೊರಡಿ. ಕೈ ತಿರುವಿದರೆ ಹೆಚ್ಚುವ, ಬೆರಳಿಟ್ಟು ತೋರಿಸಬಹುದಾದ ನೋವು ಬಹುಮಟ್ಟಿಗೆ ಸ್ನಾಯುವಿನದು, ಆದರೆ ಅದನ್ನೇ ನಂಬಿ ಕೂರಲು ಆಗುವುದಿಲ್ಲ. ಹೀಗೆಲ್ಲ ಹೇಳಿ ಕೊನೆಗೆ ಅಂದರು: "ಅನುಮಾನ ಇದ್ರ ಬರ್ರಿ. ಏನೂ ಇಲ್ಲಂತ ಕಳಿಸಿದ್ರ ಅದು ನಮಗ ಖುಷೀನ. ಆದ್ರ ಬಾಯಾರ, ನಿಮ್ಮ ನಿದ್ದಿ ಸಲುವಾಗಿನೂ ಒಮ್ಮೆ ಬರ್ರಿ. ಕಣ್ಣ ನೋಡಿದ್ರ ಗೊತ್ತಾಗತೈತಿ. ಅದೂ ಜಡ್ಡ ಐತಿ."

ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂತರು. ಊರು ದಾಟಿದ ಮೇಲೆ ಅವರೇ ಮಾತು ತೆಗೆದರು.

"ಅವತ್ತ ಹಗುರಾಗಿರಲಿಲ್ಲ ಯವ್ವಾ."

"ಮತ್ತ ಆತು ಅಂದ್ರೆಲ್ರೀ."

"ಸೊಸಿ ಕಡಿಂದ ಕಾಲ ಹಚ್ಚಿಸ್ಕೊಂಡು, ಆಗಲಿಲ್ಲ ಅಂತ ಹೆಂಗ ಅನ್ನೂದು? ನೀ ಮೊದಲ ಅಂಜಿಕೋತ ಕಾಲ ಇಟ್ಟಿದ್ದಿ."

"ಮುಂಜಾನೇನ ಹೇಳಬಾರದಾಗಿತ್ತೇನ್ರಿ?"

"ಹೇಳಿದ್ರ ದವಾಖಾನಿಗೆ ಒಯ್ತಿದ್ರಿ."

"ಹೌದ್ರೀ ಮತ್ತ!"

"ಅದಕ್ಕ ಹೇಳಲಿಲ್ಲ," ಎಂದರು, ಅದಕ್ಕಿಂತ ಸರಳವಾದ ಕಾರಣ ಇಲ್ಲ ಎಂಬಂತೆ. "ನಮ್ಮಪ್ಪ ದವಾಖಾನಿಗೆ ನಡಕೋತ ಹೋದಾಂವ, ಹೊತಗೊಂಡ ಬಂದ್ವಿ. ನಿನ್ನ ಕಡೆ ಬಂದದ್ದ ಅದು ಚಳಕ ಇರಲಿ ಅಂತ. ನೀ ಕಾಲ ಹಚ್ಚಿದಿ ಅಂದ್ರ ಅದು ಚಳಕ, ಮುಗೀತು."

ನನಗೆ ಸಮಾಧಾನವಾಗಲಿಲ್ಲ. ಸಿಟ್ಟು ಬಂತು. ಆರು ತಿಂಗಳು ನಾನೊಬ್ಬಳೇ ಹೊತ್ತದ್ದರ ಅರ್ಧ ಈ ಮನುಷ್ಯನ ಜೇಬಿನಲ್ಲಿ ಸುಮ್ಮನೆ ಕೂತಿತ್ತು. ಮನೆಗೆ ಬಂದು ಗಂಡನನ್ನು ಮಗ್ಗ ನಿಲ್ಲಿಸಲು ಹೇಳಿ, ಅತ್ತೆಯನ್ನೂ ಕರೆದು, ಎಲ್ಲವನ್ನೂ ಹೇಳಿದೆ. ಗಂಡ ನನ್ನನ್ನು ನೋಡಿದ ನೋಟ ನಾನು ಹೆದರಿದ್ದಷ್ಟು ಕೆಟ್ಟದಾಗಿರಲಿಲ್ಲ, ಒಳ್ಳೆಯದೂ ಆಗಿರಲಿಲ್ಲ. ಅಪ್ಪನ ಕಡೆ ತಿರುಗಿ, "ಇನ್ನಮ್ಯಾಲೆ ಏನರೆ ಆದ್ರ ಬಾಯಿ ಬಿಡ್ರಿ, ಎಪ್ಪಾ," ಎಂದ. ಅತ್ತೆ, "ಅಜವಾನ ಕೊಟ್ಟಾಕಿ ನಾನಲಾ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಬಿಪಿ ಯಂತ್ರವನ್ನು ಮಾವನ ಕೈಗೇ ಕೊಟ್ಟೆ. ದಿನಕ್ಕೆ ಒಂದು ಸಲ, ನೀವೇ ನೋಡಿಕೊಳ್ಳಿ, ಏನಾದರೂ ಅನ್ನಿಸಿದರೆ ಅನ್ನಿಸಿದ ಕೂಡಲೇ ಹೇಳಿ ಎಂದೆ. ನನ್ನ ನಿದ್ದೆಗಾಗಿ ಮುಂದಿನ ವಾರ ಜಮಖಂಡಿಗೆ ಮತ್ತೊಮ್ಮೆ ಹೋಗಿಬಂದೆ. ಅದು ಒಂದೇ ದಿನದಲ್ಲಿ ಸರಿಯಾಗುವಂಥದ್ದಲ್ಲ. ಈಗಲೂ ಯಾರಾದರೂ ಹೆಗಲು ತಿಕ್ಕಿಕೊಂಡರೆ ನನ್ನ ಕೈ ತಣ್ಣಗಾಗುತ್ತದೆ.

ಜಮಖಂಡಿಗೆ ಹೋಗಿಬಂದ ಕೆಲವು ದಿನಕ್ಕೆ, ಒಂದು ಗುರುವಾರ, ಬೆಳಿಗ್ಗೆ ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು. ನಾಲ್ಕೂ ಮಗ್ಗ ಓಡುತ್ತಿದ್ದವು. ಅವು ಯಾವಾಗ ಶುರುವಾದವೆಂದು ನನಗೆ ಗೊತ್ತಾಗಿರಲಿಲ್ಲ. ಹಿಂದಿನ ದಿನ ಒಂಬತ್ತೂವರೆಗೆ ಮಲಗಿದ್ದೆ, ನಡುವೆ ಒಮ್ಮೆಯೂ ಎದ್ದಿರಲಿಲ್ಲ. ಹೊರಗೆ ಮಾವ ಅತ್ತೆಗೆ ಹೇಳುತ್ತಿದ್ದರು, "ಎಬ್ಬಿಸಬ್ಯಾಡ ಆಕೀನ. ಚಾ ನಾವ ಮಾಡಿಕೊಂಡ್ರಾತು."

ನಾನು ಮತ್ತೊಂದು ಮಗ್ಗುಲಿಗೆ ತಿರುಗಿದೆ.