ಹೀರೆ ನಾರಿಗೆ ಬಣ್ಣ ಕುಡಿಸುತ್ತಿದ್ದ ಅಕ್ಕ

ಅಕ್ಕನ ಎರಡೂ ಕೈ ಮಣಿಕಟ್ಟಿನವರೆಗೆ ಹಳದಿ. ಸೋಪು ಹಾಕಿದರೆ ಒಂದು ಗಳಿಗೆ ಕೆಂಪಾಗಿ, ನೀರು ಬಿದ್ದರೆ ಮತ್ತೆ ಹಳದಿ. ಆಕೆಗೆ ಕಾಮಾಲೆ ಬಂದದ್ದು ನಮ್ಮ ಲೈನಿನಲ್ಲಿ ಯಾರಿಗೂ ತಿಳಿಯದೆ ಹೋದದ್ದು ಕೈಗಂಟಿದ ಆ ಅರಿಶಿನದ ಕಾರಣಕ್ಕೇ.

ಊರಿಗಾಂನ ಲೈನು ಮನೆಗಳಲ್ಲಿ, ಅಂದರೆ ಗಣಿ ಕಾರ್ಮಿಕರ ಹಳೇ ಸಾಲು ಮನೆಗಳಲ್ಲಿ, ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ನೆಂಟಸ್ತಿಕೆ ಏನಿಲ್ಲ, ಅಕ್ಕ ಎನ್ನುತ್ತಿದ್ದೆ. ಮುಖ ತಿಕ್ಕುವ ನಾರು ಮಾಡಿ ಬಂಗಾರಪೇಟೆಯ ಒಂದು ಅಂಗಡಿಗೆ ಕೊಡುತ್ತಿದ್ದಳು. ಬೂದಿಕೋಟೆ ಕಡೆಯಿಂದ, ಬಳ್ಳಿಯಲ್ಲೇ ಒಣಗಿದ ತುಪ್ಪದ ಹೀರೇಕಾಯಿ ತರಿಸುವಳು. ಸಿಪ್ಪೆ ಸುಲಿದು, ಬೀಜ ಕೊಡವಿ, ನಾರನ್ನು ಬಿಲ್ಲೆಯಾಗಿ ಕತ್ತರಿಸಿ ಪಟಿಕದ ನೀರಿನಲ್ಲಿ ಕುದಿಸುವಳು. ಆಮೇಲೆ ಬಣ್ಣ. ಹಳದಿಗೆ ಅರಿಶಿನದ ಕೊಂಬು ಕುಟ್ಟಿ ಹಾಕುವುದು, ಗುಲಾಬಿಗೆ ಬೀಟ್‌ರೂಟ್, ಕಂದು ಬಣ್ಣಕ್ಕೆ ದಾಳಿಂಬೆ ಸಿಪ್ಪೆ. ಬೀಟ್‌ರೂಟಿನ ಬಣ್ಣ ಬೇಗ ಬಿಡುತ್ತದೆ. ಪೊಟ್ಟಣದ ಬಣ್ಣ ಹಾಕಮ್ಮ ಎಂದು ಅಂಗಡಿಯವನು ಹೇಳಿದರೆ, "ಮೊದ್ಲು ನಿನ್ ಎಂಡ್ರು ಮುಖಕ್ಕೆ ತಿಕ್ಸು. ಆಮೇಲ್ ನಾನ್ ಆಕ್ತೀನಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ನಾನು ಮೂವತ್ತು ದಾಟಿದ ಮೇಲೆ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕಟ್ಟಿದವನು. ಆಕೆಯ ಜಗಲಿಯ ಮೇಲೆ ಕೂತು ಓದುತ್ತಿದ್ದೆ. ಮನಸ್ಸಿನಲ್ಲೇ ಓದಿದರೆ ಬೈಗುಳ.

"ಗಟ್ಟಿಯಾಗ್ ಓದ್ಲಾ. ನಂಗೂ ನಾಕಕ್ಸರ ಕಿವೀಗ್ ಬೀಳ್ಲಿ."

ಮೊದಲ ಸಲ ಫೇಲಾದೆ. ಪುಸ್ತಕ ರದ್ದಿಗೆ ಹಾಕಲು ಹೊರಟಾಗ ತಡೆದಳು. "ನಾರೂ ಒಂದೇ ಮುಳುಗಿಗೆ ಬಣ್ಣ ಕುಡಿಯಲ್ಲ ಕಣ್ಲಾ. ತಿರ್ಗಾ ಮುಳುಗ್ಸಬೇಕು."

ಹೋದ ಬೇಸಿಗೆಯಲ್ಲಿ ಆಕೆಗೆ ಊಟ ಸೇರದಾಯಿತು. ಮೈಯೆಲ್ಲ ನವೆ ಎಂದಳು. ಬಿಸಿಲಿಗೆ ಎಂದೆವು. ಮುಖ ಹಳದಿಯಾಗಿತ್ತು. ಆದರೆ ಹೊಸ ನಾರನ್ನು ಮೊದಲು ತನ್ನ ಕೆನ್ನೆಗೇ ತಿಕ್ಕಿ ನೋಡುವ ಅಭ್ಯಾಸ ಆಕೆಗೆ, ಹಾಗಾಗಿ ಅದೂ ಹೊಸದೆನಿಸಲಿಲ್ಲ. ಎದುರು ಮನೆಯ ಹೆಂಗಸು ತಮಾಷೆಯನ್ನೂ ಮಾಡಿದಳು.

"ಏನಕ್ಕಾ, ಮದುವಣಗಿತ್ತಿ ತರ ಮಿಂಚ್ತಾ ಇದೀಯ. ಗಂಡು ಎಲ್ಲಿ?"

"ಬಂಗಾರಪೇಟೆ ರೈಲಲ್ಲಿ ಬತ್ತಾವ್ನೆ. ರೈಲು ಲೇಟು ಕಣೇ."

ಒಂದು ಬೆಳಿಗ್ಗೆ ನಾರಿನ ಮೂಟೆ ಹೊತ್ತು ಇಬ್ಬರೂ ಬಂಗಾರಪೇಟೆಗೆ ಹೋದೆವು. ಅಂಗಡಿಯವನು ಮೂಟೆ ಬಿಚ್ಚಲಿಲ್ಲ. ಆಕೆಯ ಮುಖವನ್ನೇ ನೋಡಿದ.

"ಅಮ್ಮಾ, ಇಂಗೆ ಬಿಸಿಲಿಗ್ ಬಾ. ಕಣ್ ಬಿಡು."

"ಯಾಕಪ್ಪಾ, ಕಣ್ಣಿಗೂ ಬಣ್ಣ ಅಂಟೈತಾ?"

"ಕಣ್ಣಿಗೆ ಬಣ್ಣ ಅಂಟಲ್ಲಮ್ಮಾ" ಎಂದ ಅವನು. ಆಗಲೇ ಅಂಗಡಿಯ ಬಾಗಿಲು ಎಳೆದು, ನಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿ ನರ್ಸು ಹತ್ತಿಗೆ ಸ್ಪಿರಿಟ್ ಹಾಕಿ ಆಕೆಯ ಮುಂಗೈ ಒರೆಸಿದಳು. ಹತ್ತಿ ಹಳದಿಯಾಯಿತು. ಇನ್ನೊಂದು ತೆಗೆದುಕೊಂಡಳು. ಅದೂ ಹಳದಿ. ಮೂರನೆಯದು ಬಿಳಿಯಾಗೇ ಉಳಿಯಿತು. ಕೈ ಮಾತ್ರ ಹಳದಿಯಾಗೇ ಇತ್ತು.

"ನೋಡವ್ವಾ, ಓಗೋ ಬಣ್ಣ ಅಲ್ಲ ನಂದು" ಎಂದಳು ಅಕ್ಕ. ನರ್ಸು ಡಾಕ್ಟರನ್ನು ಕರೆದಳು.

ಲಿವರ್ ಪೂರ್ತಿ ಕೆಟ್ಟಿದೆ, ಬಹಳ ತಡ ಮಾಡಿದ್ದೀರಿ ಎಂದ ಡಾಕ್ಟರು ಆಕೆಯನ್ನು ಅಲ್ಲೇ ಸೇರಿಸಿಕೊಂಡರು. ಕೊನೆಯ ಸಲ ನೋಡಲು ಹೋದಾಗ ಆಕೆಗೆ ಮಾತಾಡಲು ಆಯಾಸ. ಆದರೂ ಕೆಲಸ ಹೇಳಿದಳು. "ದಾಳಿಂಬೆ ನೀರಲ್ಲಿ ನಾರು ಬುಟ್ ಬಂದಿವ್ನಿ. ಕೊಳ್ತೋಯ್ತದೆ. ಎತ್ತಿ ನೆಳ್ಳಾಗೆ ಒಣಗ್ಸು." ಹಾಗೇ ಮಾಡಿದೆ. ಅವು ಒಣಗುವ ಮುಂಚೆ ಆಕೆ ತೀರಿಕೊಂಡಳು.

ಎರಡನೇ ಸಲ ಬರೆದ ಪರೀಕ್ಷೆಯಲ್ಲಿ ಪಾಸಾದೆ. ಹೇಳೋಣವೆಂದರೆ ಪಕ್ಕದ ಮನೆಗೆ ಬೀಗ.

ನಾರಿನ ಕೆಲಸವನ್ನು ಈಗ ಲೈನಿನ ಕೆಲವು ಹೆಂಗಸರು ಮಾಡುತ್ತಾರೆ. ಅವರ ಕೈಗಳೂ ಹಳದಿಯಾಗಿವೆ. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಬೀದಿಗೆ ಬಂದು ಸೂರ್ಯನಿಗೆ ಮುಖ ಮಾಡಿ ನಿಲ್ಲುತ್ತಾರೆ. "ಎಲ್ಲಿ, ಕಣ್ ಬಿಡಮ್ಮಿ" ಎಂದು ಒಬ್ಬರ ರೆಪ್ಪೆಯನ್ನು ಇನ್ನೊಬ್ಬರು ಕೆಳಗೆಳೆದು ನೋಡುತ್ತಾರೆ. ಕಣ್ಣು ಬೆಳ್ಳಗಿದ್ದರೆ ಒಳಗೆ ಹೋಗಿ ಅರಿಶಿನ ಕುಟ್ಟಲು ಕೂರುತ್ತಾರೆ.