ಮಹಾದೇವಿ ಅಕ್ಕೋರ ಕಂಪ್ಯೂಟರಿಗೆ ಹೊಸ ವಿಂಡೋಸ್

1997ರಲ್ಲಿ ಕೊಪ್ಪಳದಲ್ಲಿ ಕಂಪ್ಯೂಟರ್ ದುರಸ್ತಿ ಶುರು ಮಾಡಿದವನು ನಾನು. ಗಂಗಾವತಿಯ ಅಕ್ಕಿ ಗಿರಣಿ, ಕುಷ್ಟಗಿಯ ಸೊಸೈಟಿ, ಯಲಬುರ್ಗಾದ ಶಾಲೆ ಎಂದು ಬ್ಯಾಗು ಹೊತ್ತು ಬಸ್ಸಿನಲ್ಲಿ ತಿರುಗಿ ಅರ್ಧ ಆಯುಷ್ಯ ಕಳೆದಿದ್ದೇನೆ. ಎಷ್ಟೋ ಯಂತ್ರಗಳು ಮರೆತೇಹೋಗಿವೆ. 2018ರಲ್ಲಿ ಕುಕನೂರಿನ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಕೈಗೆ ಬಂದ ಹಳೆಯ ಕಂಪ್ಯೂಟರ್ ಮಾತ್ರ ಇನ್ನೂ ಕಾಡುತ್ತದೆ.

ಅದು ಮಹಾದೇವಿ ಅಕ್ಕೋರದು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಸಮಾಜ ವಿಜ್ಞಾನ ಕಲಿಸುವ ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಅವರ ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವಿತ್ತು. ಪರದೆಯ ಮೇಲಿನ ಅಕ್ಷರಗಳನ್ನು ಅದು ಓದಿ ಹೇಳುತ್ತದೆ. ಅದನ್ನು ಕೇಳುತ್ತ ಅವರು ನನಗಿಂತ ವೇಗವಾಗಿ ಟೈಪ್ ಮಾಡುತ್ತಿದ್ದರು. ಆ ವರ್ಷ ಆಡಳಿತ ಮಂಡಳಿ, ಅಂಕಗಳನ್ನೆಲ್ಲ ತನ್ನ ಹೊಸ ವೆಬ್‌ಸೈಟಿನಲ್ಲೇ ತುಂಬಬೇಕೆಂದು ಹೇಳಿತು. ಅಕ್ಕೋರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ತೆರೆಯಲಿಲ್ಲ. ಮೊದಲ ಪರೀಕ್ಷೆಯ ಅಂಕಗಳನ್ನು ಬೇರೊಬ್ಬ ಮಾಸ್ತರರು ತುಂಬಿಕೊಟ್ಟರು. ಇಬ್ಬರು ಹುಡುಗಿಯರ ಅಂಕ ಅದಲುಬದಲಾಗಿ, ಪಾಸಾದವಳು ಮನೆಯಲ್ಲಿ ಏಟು ತಿಂದಳು.

"ನನ್ನ ಮಕ್ಕಳ ಮಾರ್ಕ್ಸ್ ನಾನೇ ತುಂಬತೀನ್ರಿ ಖಾದರ್‌ಸಾಬ್ರ, ಇನ್ನೊಬ್ಬರ ಕೈಯಾಗ ಕೊಡಂಗಿಲ್ಲ. ಹೊಸಾ ವಿಂಡೋಸ್ ಹಾಕಿಕೊಡ್ರಿ," ಎಂದರು ಅಕ್ಕೋರು.

ಯಂತ್ರ 2004ರ ಆಸುಪಾಸಿನದು. ಪೆಂಟಿಯಂ 4, 512 ಎಂಬಿ ರ‍್ಯಾಮ್. ವಿಂಡೋಸ್ 7 ನಡೆಯಲು ಕನಿಷ್ಠ ಒಂದು ಜಿಬಿ ಬೇಕು. ಮದರ್‌ಬೋರ್ಡ್ ತಯಾರಿಸಿದವರು ಅದರ ಕೈಬಿಟ್ಟು ಯಾವ ಕಾಲವಾಗಿತ್ತೋ. ಆದರಾಯಿತು, ಇಲ್ಲದಿದ್ದರೆ ಇಲ್ಲ ಎಂದು ಅಕ್ಕೋರಿಗೆ ಮೊದಲೇ ಹೇಳಿ, ಹಳೆಯ ಹಾರ್ಡ್ ಡಿಸ್ಕನ್ನು ಜೋಪಾನವಾಗಿ ಬಿಚ್ಚಿಟ್ಟು ಬೇರೆಯದನ್ನು ಹಾಕಿದೆ. ಗಂಗಾವತಿಯ ಗುಜರಿಯಲ್ಲಿ ರ‍್ಯಾಮ್ ಸಿಕ್ಕಿತು. ಇನ್‌ಸ್ಟಾಲ್ ಅರ್ಧಕ್ಕೆ ನಿಂತಿತು, ಮತ್ತೆ ಹಚ್ಚಿದರೆ ಮತ್ತೆ ನಿಂತಿತು. ಸಂಜೆಯ ಹೊತ್ತಿಗೆ ಕೊನೆಗೂ ಪರದೆ ಬೆಳಗಿತು. ಸ್ಕ್ರೀನ್ ರೀಡರನ್ನೂ ಹಾಕಿದೆ. ನಾನು ಹಿಗ್ಗಿ ಹೀರೇಕಾಯಿಯಾದೆ.

ಅಕ್ಕೋರು ಬಂದು ಕುಳಿತು ಒಂದು ಕೀ ಒತ್ತಿದರು. ಕಾದರು. ಇನ್ನೊಂದು ಒತ್ತಿದರು.

"ಚಾಲೂ ಐತೇನ್ರಿ?"

"ಐತ್ರಿ ಅಕ್ಕೋರ, ಎಲ್ಲಾ ಛಲೋ ಬಂದೈತಿ. ಸೌಂಡ್ ಒಂದು ಬಂದಿಲ್ಲ."

"ಹಂಗಾದ್ರ ನನಗ ಇನ್ನೂ ಬಂದ್ ಐತ್ರಿ."

ನಾಚಿಕೆಯಾಯಿತು. ಬೋರ್ಡಿನ ಸೌಂಡ್ ಚಿಪ್‌ಗೆ ವಿಂಡೋಸ್ 7ರ ಡ್ರೈವರ್, ಅಂದರೆ ಆ ಚಿಪ್ಪನ್ನು ನಡೆಸುವ ಪುಟ್ಟ ತಂತ್ರಾಂಶ, ಎಲ್ಲಿ ಹುಡುಕಿದರೂ ಸಿಗಲಿಲ್ಲ. ಮರುದಿನ ಕೊಪ್ಪಳದಿಂದ ಯುಎಸ್‌ಬಿಗೆ ಚುಚ್ಚುವ ಸೌಂಡ್ ಕಾರ್ಡ್ ಒಯ್ದು ಹಾಕಿದೆ. ದನಿ ಬಂತು. ಅಕ್ಕೋರ ಮುಖ ಅರಳಿತು. ಸ್ಟಾಫ್ ರೂಮಿನವರೆಲ್ಲ ಸುತ್ತ ನೆರೆದರು. ವೆಬ್‌ಸೈಟ್ ತೆರೆಯಿತು. ಅಕ್ಕೋರು ಹೆಸರು, ಪಾಸ್‌ವರ್ಡ್ ಟೈಪ್ ಮಾಡಿ, ಕೀ ಒತ್ತಿ ಮುಂದಿನ ಖಾನೆಗೆ ಸರಿದರು. ಯಂತ್ರ "ಗ್ರಾಫಿಕ್" ಎಂದಿತು. ಮತ್ತೆ ಒತ್ತಿದರು. ಮತ್ತೂ "ಗ್ರಾಫಿಕ್."

ಬಗ್ಗಿ ನೋಡಿದರೆ ಕ್ಯಾಪ್ಚಾ. ಸೊಟ್ಟಪಟ್ಟ ಅಕ್ಷರಗಳ ಒಂದು ಚಿತ್ರ. ನೋಡಿ ಹಾಗೆಯೇ ಟೈಪ್ ಮಾಡಿದರೆ ಮಾತ್ರ ಒಳಗೆ ಬಿಡುತ್ತದೆ. ಚಿತ್ರವಾದ್ದರಿಂದ ಸ್ಕ್ರೀನ್ ರೀಡರ್ ಅದನ್ನು ಓದಲಾರದು. ಕೇಳಿಸಿಕೊಳ್ಳುವ ಬಟನ್ ಇದೆಯೇ ಎಂದು ಪುಟವೆಲ್ಲ ಹುಡುಕಿದೆ. ಇರಲಿಲ್ಲ.

"ಏನ್ ಕೇಳಾಕತ್ತೈತ್ರಿ?"

"ನೀವು ಮನುಷ್ಯಾರು ಅನ್ನೋದನ್ನ ತೋರಸ್ರಿ ಅಂತೈತ್ರಿ," ಎಂದೆ. ಬೇರೆ ಹೇಗೆ ಹೇಳಬೇಕೋ ತಿಳಿಯಲಿಲ್ಲ.

ಅಕ್ಕೋರು ನಕ್ಕುಬಿಟ್ಟರು. ಸುತ್ತ ನಿಂತವರಲ್ಲಿ ಬೇರೆ ಯಾರೂ ನಗಲಿಲ್ಲ.

ವೆಬ್‌ಸೈಟ್ ಮಾಡಿಕೊಟ್ಟ ಬೆಂಗಳೂರಿನವರಿಗೆ ಫೋನ್ ಹಚ್ಚಿದೆ. "ಸೆಕ್ಯುರಿಟಿ ಸರ್, ತೆಗೆಯೋಕಾಗಲ್ಲ. ಪಕ್ಕದಲ್ಲಿ ಯಾರಾದ್ರೂ ಇರ್ತಾರಲ್ವಾ, ಓದಿ ಹೇಳೋಕೆ?" ಎಂದ ಆ ಕಡೆಯವನು. ಸಿಟ್ಟು ಬಂತು, ಆದರೆ ಬೈದು ಏನು ಮಾಡುವುದು? ಸದ್ಯಕ್ಕೆ ನಾನೇ ಅಕ್ಷರಗಳನ್ನು ಓದಿ ಹೇಳಿದೆ. ವೆಬ್‌ಸೈಟಿನ ಬಾಗಿಲು ತೆರೆಯಿತು. ಅಕ್ಕೋರು ಬ್ರೈಲ್ ಹಾಳೆಯ ಮೇಲೆ ಒಂದು ಕೈಯಾಡಿಸುತ್ತ ಅಂಕ ತುಂಬತೊಡಗಿದರು. ಹೆಡ್ ಮಾಸ್ತರರು ಚಹಾಕ್ಕೆ ಕರೆದರೆಂದು ನಾನು ಹೊರಗೆ ಹೋದೆ. ಅಷ್ಟರಲ್ಲಿ ಗಂಟೆ ಹೊಡೆದು ಎಲ್ಲರೂ ತರಗತಿಗೆ ನಡೆದಿದ್ದರು.

ಮರಳಿ ಬಂದಾಗ ಅಕ್ಕೋರು ಒಬ್ಬರೇ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

"ಹೊತ್ತಾತಂತ ಆ ವೆಬ್‌ಸೈಟ್ ನನ್ನ ಹೊರಗ ಹಾಕಿಬಿಡ್ತ್ರಿ. ಮತ್ತ ಅದನ್ನೇ ಕೇಳಾಕತ್ತೈತಿ. ಯಾರರ ಬರ್ತಾರೇನಂತ ಕಿವಿಗೊಟ್ಟು ಕುಂತೀನಿ."

ಇನ್ನೊಮ್ಮೆ ಓದುತ್ತೇನೆ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು.

"ಇವತ್ತು ನೀವು ಓದತೀರಿ. ನಾಳಿಗೆ?" ಎಂದು ಹಾಳೆಗಳನ್ನು ಜೋಡಿಸಿಕೊಂಡರು. "ಇರ್ಲಿ ಬಿಡ್ರಿ. ಆ ಮಾಸ್ತರ್ರಿಗೇ ಕೊಟ್ಟುಬಿಡತೀನಿ."

ಆಡಳಿತ ಮಂಡಳಿಗೆ ಅರ್ಜಿ ಬರೆದೆವು. ಉತ್ತರ ಬರಲಿಲ್ಲ. ಆಮೇಲಿನ ಪರೀಕ್ಷೆಗಳ ಅಂಕಗಳನ್ನೂ ಆ ಮಾಸ್ತರರೇ ತುಂಬಿದರು.

ಯಂತ್ರ ಸರಿಯಾಯಿತೆಂದು ಅವತ್ತಿನಿಂದ ನಾನಾಗಿ ಹೇಳುವುದನ್ನು ಬಿಟ್ಟಿದ್ದೇನೆ. ಅದನ್ನು ಬಳಸುವವರನ್ನು ಕೂರಿಸಿ, ಅವರ ಕೆಲಸ ಪೂರಾ ಮುಗಿಯುವವರೆಗೆ ಪಕ್ಕದಲ್ಲಿ ಕಾಯುತ್ತೇನೆ. ಈ ಕಸುಬು ನನಗೆ ಕಲಿಸಿದ್ದು ಅದು. ಆದರೆ ಈ ಪಾಠ ಮೊದಲೇ ಬಂದಿದ್ದರೆ ಅಕ್ಕೋರಿಗೆ ಏನಾದರೂ ಸಹಾಯವಾಗುತ್ತಿತ್ತೇ ಎಂದು ಯಾರಾದರೂ ಕೇಳಿದರೆ, ಇಲ್ಲ. ಆ ಚಿತ್ರ ನನ್ನ ಸ್ಕ್ರೂಡ್ರೈವರಿಗೆ ಎಟುಕುವ ಜಾಗದಲ್ಲಿ ಇರಲಿಲ್ಲ.