ಜೇಬಿನಲ್ಲೇ ಉಳಿದ ಹಳದಿ ಕಾರ್ಡು

ಶಕುನ, ಮುನ್ಸೂಚನೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ದೆಹಲಿಗೆ ಬಂದು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂದು ನಂಬಿದ್ದವನು. ಈಗ ಬರೆಯುತ್ತಿರುವುದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಆರ್.ಕೆ.ಪುರಂನಲ್ಲಿ ಮಗಳು ಸುಧಾಳ ಕ್ವಾರ್ಟರ್ಸಿನಲ್ಲಿದ್ದೆ. ಅವಳ ಮಗಳು ಮೇಘಾಗೆ ಹನ್ನೊಂದು ವರ್ಷ. ಹುಟ್ಟಿನಿಂದ ಥಲಸ್ಸೀಮಿಯಾ, ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು. ಅಷ್ಟೊಂದು ಜನರ ರಕ್ತ ಪಡೆದೂ ಪಡೆದೂ ಅವಳ ಮೈ ಒಂದು ಬಗೆಯ ರಕ್ತವನ್ನು ಶತ್ರುವೆಂದು ಗುರುತಿಸಲು ಕಲಿತುಬಿಟ್ಟಿತ್ತು. ಅದರ ವಿರುದ್ಧ ಮೈಯಲ್ಲಿ ಹುಟ್ಟಿದ ಆಂಟಿಬಾಡಿ ಕೆಲವು ತಿಂಗಳಲ್ಲಿ ಪರೀಕ್ಷೆಗೂ ಸಿಗದಂತೆ ಅಡಗುತ್ತದೆ, ಅದೇ ರಕ್ತ ಮತ್ತೆ ಒಳಗೆ ಹೋದರೆ ಎದ್ದು ಆ ರಕ್ತಕಣಗಳನ್ನು ಒಡೆಯುತ್ತದೆ ಎಂದು ಹೇಳಿ ಡಾಕ್ಟರು ಒಂದು ಹಳದಿ ಕಾರ್ಡು ಕೊಟ್ಟಿದ್ದರು. ಎಲ್ಲಿ ಹೋದರೂ ಮೊದಲು ಅದನ್ನು ತೋರಿಸಬೇಕು. ಸೊಂಟದ ಹಿಂದೆ ನೋವು, ಕೋಲಾ ಬಣ್ಣದ ಮೂತ್ರ ಕಂಡರೆ ಒಂದು ಗಂಟೆಯೂ ಕಾಯಬಾರದು.

ಆ ಸಲ ಸುಧಾಗೂ ಅಳಿಯನಿಗೂ ರಜೆ ಸಿಗಲಿಲ್ಲ. ನಾನೇ ಅವಳನ್ನು ಎಂದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊಂದುವ ರಕ್ತ ಬರಲು ಇನ್ನೆರಡು ದಿನ ಬೇಕು ಎಂದರು. ಮರುದಿನ ಬೆಳಿಗ್ಗೆ ಹಳೆಯ ಸಹೋದ್ಯೋಗಿಗಳೊಂದಿಗೆ ನಾನು ಹರಿದ್ವಾರಕ್ಕೆ ಹೊರಡುವುದಿತ್ತು. ಟ್ಯಾಕ್ಸಿ ಹಿಡಿದು ಗುರುಗ್ರಾಮದ ಒಂದು ಸಣ್ಣ ಆಸ್ಪತ್ರೆಗೆ ಹೋದೆ.

"ಪೆಹಲೇ ಕೋಯಿ ಆಂಟಿಬಾಡಿ ನಿಕ್ಲಾ ಹೈ, ಬಾಬಾ?" ಎಂದು ನರ್ಸು ಕೇಳಿದಳು, ಹಿಂದೆ ಆಂಟಿಬಾಡಿ ಏನಾದರೂ ಕಂಡಿತ್ತೇ ಎಂದು.

"ನಹೀ," ಎಂದೆ. ಕಾರ್ಡು ಅಂಗಿಯ ಜೇಬಿನಲ್ಲಿತ್ತು; ತೋರಿಸಿದರೆ ಇಲ್ಲೂ ಕಾಯಿಸುತ್ತಿದ್ದರು. ಅವರ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ.

ರಕ್ತ ಇಳಿಯುತ್ತಿದ್ದಾಗ ಮೇಘಾ ಕೇಳಿದಳು: "ಅಜ್ಜ, ಕಾರ್ಡ್ ದಿಖಾಯಾ ನಾ?"

"ತೋರಿಸಿದೆ ಪುಟ್ಟಿ."

"ಪಕ್ಕಾ?"

"ಪಕ್ಕಾ."

ಸುಧಾಗೂ ಹಾಗೆಯೇ ಹೇಳಿದೆ. ಹರಿದ್ವಾರದಲ್ಲಿ ಮೂರು ಮುಳುಗು ಹಾಕಿ ಬಂದೆ.

ರಕ್ತ ಹಾಕಿಸಿದ ಐದನೆಯ ದಿನ ಬೆಳಿಗ್ಗೆ ಎದ್ದಾಗ ನನ್ನ ಸೊಂಟದ ಹಿಂದೆ, ಎಡಗಡೆ, ತಡೆಯಲಾರದ ನೋವು. ಬಚ್ಚಲಿಗೆ ಹೋದರೆ ಮೂತ್ರ ಕೋಲಾ ಬಣ್ಣ. ಮನೆಯಲ್ಲಿ ಹೇಳದೆ ಮಾರ್ಕೆಟ್ಟಿನ ಲ್ಯಾಬಿಗೆ ಹೋದೆ. ಅಲ್ಲಿಯ ಹೆಂಗಸು ಬಾಟಲಿಯನ್ನು ಬೆಳಕಿಗೆ ಹಿಡಿದು, "ಅಂಕಲ್‌ಜೀ, ಕೋಲಾ ಭರ್ ಲಾಯೇ ಕ್ಯಾ?" ಎಂದು, ಕೋಲಾ ತುಂಬಿಸಿ ತಂದಿರಾ ಎನ್ನುವಂತೆ, ನಕ್ಕಳು. ಅಂದರೆ ಅವಳೂ ನೋಡಿದ್ದಳು. ಸಂಜೆ ಬಂದ ವರದಿಯಲ್ಲಿ ಮಾತ್ರ ಬಣ್ಣ ತಿಳಿಹಳದಿ, ರಕ್ತದ ಅಂಶ ಇಲ್ಲ. ಬಾಟಲಿ ಅದಲುಬದಲಾಗಿರಬೇಕು ಎಂದೆ. "ಆಜ್ ಯಹೀ ಏಕ್ ಸ್ಯಾಂಪಲ್ ಆಯಾ ಥಾ, ಅಂಕಲ್‌ಜೀ," ಎಂದಳು. ಅಂದು ಬಂದಿದ್ದದ್ದು ನನ್ನದೊಂದೇ. ಈಗ ಅವಳು ನಗಲಿಲ್ಲ.

ಮನೆಗೆ ಬಂದರೆ ಮೇಘಾ ಅಂಗಳದಲ್ಲಿ ಶಟಲ್ ಆಡುತ್ತಿದ್ದಳು. ಇದು ಯಾರ ನೋವು ಎಂಬ ಯೋಚನೆ ಬಾರದೇ ಇರಲಿಲ್ಲ. ಆದರೆ ಬಾಯಿಬಿಟ್ಟರೆ ಜೇಬಿನ ಕಾರ್ಡೂ ಹೊರಗೆ ಬರಬೇಕಾಗಿತ್ತು. ವರದಿಯಲ್ಲಿ ಏನೂ ಇಲ್ಲವಲ್ಲ ಎಂದು ಸುಮ್ಮನಾದೆ. ಎರಡು ದಿನ ಸೊಂಟ ಒತ್ತಿಕೊಂಡೇ ಓಡಾಡಿದೆ.

ಏಳನೆಯ ದಿನ ಬೆಳಿಗ್ಗೆ ನೋವು ಪೂರ್ತಿ ಮಾಯವಾಗಿತ್ತು. ನಾನು ಚಹಾ ಕುಡಿಯುತ್ತಿದ್ದಾಗ ಮೇಘಾ ಬಚ್ಚಲಿನಿಂದ ಬಂದಳು. ಕಣ್ಣುಗಳು ಹಳದಿಯಾಗಿದ್ದವು. "ಅಜ್ಜ, ಇಲ್ಲಿ ಬಹುತ್ ದರ್ದ್ ಆಗ್ತಿದೆ," ಎಂದಳು. ಅವಳ ಕೈ ಇದ್ದದ್ದು ಸೊಂಟದ ಹಿಂದೆ, ಎಡಗಡೆ.

ಮೂತ್ರಪಿಂಡಗಳು ನಿಂತವು. ಆಸ್ಪತ್ರೆಯಲ್ಲಿ ನಾಲ್ಕು ದಿನವಿದ್ದು ಹೋಗಿಬಿಟ್ಟಳು. ಎರಡು ದಿನ ಮೊದಲೇ ಸುಳಿವು ಸಿಕ್ಕಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ಡಾಕ್ಟರು. ಸುಧಾ ನನ್ನ ತೋಳು ಹಿಡಿದು, "ಕಾರ್ಡ್ ತೋರಿಸಿದ್ರೂ ಆ ಆಸ್ಪತ್ರೆಯವ್ರು ಹೀಗೆ ಮಾಡಿದ್ರಲ್ಲ ಅಪ್ಪ," ಎಂದು ಅತ್ತಳು. ಅವಳ ಬೆನ್ನು ಸವರಿದೆ.

ಆ ಕಾರ್ಡೂ ನನ್ನ ವರದಿಯೂ ಟ್ರಂಕಿನಲ್ಲಿ ಒಟ್ಟಿಗೆ ಇವೆ. ಆಮೇಲೆ ನಾನು ತೋರಿಸಿಕೊಂಡ ಡಾಕ್ಟರುಗಳಿಗೆ ನನ್ನಲ್ಲಿ ಯಾವ ದೋಷವೂ ಸಿಗಲಿಲ್ಲ. ಆ ಬೆಳಿಗ್ಗೆ ನನ್ನ ಮೈಗೆ ಬಂದದ್ದು ಏನು, ಎಲ್ಲಿಂದ ಬಂತು, ನನಗೆ ಇಂದಿಗೂ ತಿಳಿಯದು. ಅದು ನನ್ನ ಕಾಯಿಲೆ ಅಲ್ಲ ಎಂಬುದು ಮಾತ್ರ ಅಂದೇ ತಿಳಿದಿತ್ತು.